ಕೂಸಿನ ಕೈಯ ಗಿಲಕಿ

ಅರಸರ ವಂಶಾವಳಿ, ಯುದ್ಧಗಳ ಇಸವಿ, ಇವನ್ನೇ ಇತಿಹಾಸವೆಂದು ಓದಿ ಬಂದವರು ನಾವು. ತೊಟ್ಟಿಲಿನ ಬಳಿ ಬಿದ್ದಿರುವ ಗಿಲಕಿಗೂ ಇತಿಹಾಸವುಂಟೆಂದರೆ ನಗುವವರೇ ಹೆಚ್ಚು. ಆದರೆ ಮೊಹೆಂಜೊದಾರೋದ ಅಗೆತದಲ್ಲಿ, ಒಳಗೆ ಸಣ್ಣ ಹರಳುಗಳನ್ನಿಟ್ಟು ಸುಟ್ಟ ಪುಟ್ಟ ಮಣ್ಣಿನ ಗುಂಡುಗಳು ಸಿಕ್ಕಿವೆ. ಅಲ್ಲಾಡಿಸಿದರೆ ಸದ್ದು ಮಾಡುವ ಇವನ್ನು ವಿದ್ವಾಂಸರು ಗಿಲಕಿಗಳೆಂದೇ ಕರೆದಿದ್ದಾರೆ. ಇದು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಮಾತು.

ಆಟಿಕೆ ಹೇಗಿರಬೇಕೆಂದು ಬರೆದಿಟ್ಟವರೂ ನಮ್ಮಲ್ಲಿದ್ದರು. ಚರಕಸಂಹಿತೆಯ ಶಾರೀರಸ್ಥಾನದ 8ನೆಯ ಅಧ್ಯಾಯದಲ್ಲಿ ಈ ವಿಚಾರ ಬರುತ್ತದೆ. ಆಟಿಕೆ ಬಗೆಬಗೆಯಾಗಿ ಅಂದವಾಗಿರಬೇಕು, ಸದ್ದು ಮಾಡಬೇಕು, ಹಗುರವಾಗಿರಬೇಕು. ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಕೂಸನ್ನು ಹೆದರಿಸಬಾರದು. ಎಷ್ಟು ಕೂಸುಗಳನ್ನು ನೋಡಿದವರು ಬರೆದರೋ!

ಹಸುಗೂಸಿನ ಅಂಗೈಗೆ ಬೆರಳಿಟ್ಟರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಹುಟ್ಟುಗುಣ, ಅದರಲ್ಲಿ ಇಚ್ಛೆಯಿಲ್ಲ. ಮೂರು ನಾಲ್ಕು ತಿಂಗಳಾಗುತ್ತಲೇ ಆ ಹಿಡಿತ ಸಡಿಲವಾಗಿ, ಕಂಡದ್ದಕ್ಕೆ ತಾನಾಗಿ ಕೈ ಚಾಚತೊಡಗುತ್ತದೆ. ಆಗ ಗಿಲಕಿಯನ್ನು ಕೈಯಲ್ಲಿ ತುರುಕದೆ, ಎಟಕುವಷ್ಟು ಹತ್ತಿರದಲ್ಲಿ ಮೆಲ್ಲನೆ ಆಡಿಸಿ ಕಾಯಬೇಕು. ಕೂಸು ತಡವುತ್ತದೆ, ತಪ್ಪುತ್ತದೆ, ಮತ್ತೆ ಚಾಚಿ ಹಿಡಿಯುತ್ತದೆ. ತನ್ನ ಕೈ ಆಡಿದರೆ ಸದ್ದು ಬರುವುದೆಂಬ ತಿಳಿವು ಅದಕ್ಕೆ ಬರುವುದು ಹೀಗೆ. ಆರೇಳು ತಿಂಗಳಿಗೆ ಈ ಕೈಯಿಂದ ಆ ಕೈಗೆ ದಾಟಿಸುತ್ತದೆ. ಹಿಡಿದದ್ದೆಲ್ಲ ಬಾಯಿಗೂ ಹೋಗುತ್ತದೆ; ತುಟಿ ನಾಲಗೆಗಳಿಂದಲೂ ಅದು ವಸ್ತುವನ್ನು ಅರಿಯುತ್ತದೆ. ಚರಕಸಂಹಿತೆಯ ಬಾಯಿಯ ಮಾತಿಗೆ ಅರ್ಥ ಇಲ್ಲಿದೆ.

ಈ ಲಕ್ಷಣಗಳನ್ನು ನಮ್ಮ ಚನ್ನಪಟ್ಟಣದ ಗಿಲಕಿಯಲ್ಲಿ ಕಾಣಬಹುದು. ಟಿಪ್ಪು ಸುಲ್ತಾನನು ಪರ್ಷಿಯಾದ ಕುಶಲಿಗಳನ್ನು ಕರೆಸಿದನೆಂಬುದು ಅಲ್ಲಿಯ ಪ್ರತೀತಿ. ಹಾಲೆಮರ ಮೃದು, ಬಣ್ಣವೂ ಬಿಳುಪು. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ಕೇದಗೆಯ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ.

ಸರ್ಕಾರವೂ ಚರಕನ ಹಾದಿಗೆ ಬಂದಿದೆ. 2020ರ ಆಟಿಕೆಗಳ ಗುಣಮಟ್ಟದ ಆಜ್ಞೆ 2021ರ ಜನವರಿ 1ರಿಂದ ಜಾರಿಗೆ ಬಂದಿತು. ಚೂಪು ಮೊನೆ, ಕಳಚಿ ಬರುವ ಚಿಕ್ಕ ಭಾಗ ಇವುಗಳಿಗೆಲ್ಲ ಪರೀಕ್ಷೆಯುಂಟು. ನೋಂದಾಯಿತ ಕರಕುಶಲಿಗಳ ಸರಕಿಗೆ ವಿನಾಯಿತಿ ಕೊಟ್ಟಿದ್ದಾರೆ. ಬಡ ಕುಶಲಿಗೆ ಇದು ನ್ಯಾಯವೇ. ಆದರೆ ಪರೀಕ್ಷೆಯ ಭಾರ ತಾಯಿತಂದೆಯರ ಮೇಲೆ ಬಿತ್ತು. (ಖಾತೆಗಳನ್ನು ಒಪ್ಪಿನೋಡುವ ನಮ್ಮಂಥವರಿಗೆ ಇದೇನು ಕಷ್ಟದ ಕೆಲಸವಲ್ಲ.)

ಮುಂಬಯಿಯ ಎರಡು ಕೋಣೆಯ ಮನೆಗಳಲ್ಲಿ ಅಜ್ಜಿಯರಿಲ್ಲ. ಅಳುವ ಕೂಸಿನ ಮುಂದೆ ಮೊಬೈಲು ಹಿಡಿಯುವುದು ನಮ್ಮವರಲ್ಲೂ ರೂಢಿಯಾಗುತ್ತಿದೆ. ಗಾಜಿನೊಳಗಿನ ಚೆಂಡನ್ನು ಯಾವ ಬೆರಳು ಹಿಡಿದೀತು? ಬೆಂಗಳೂರಿನಿಂದ ಮೈಸೂರಿಗೆ ಹಳೆಯ ರಸ್ತೆಯಲ್ಲಿ ಹೋಗುವಾಗ ದಾರಿಯಲ್ಲೇ ಚನ್ನಪಟ್ಟಣ ಸಿಗುತ್ತದೆ. ಗಿಲಕಿ ಕೊಳ್ಳುವಾಗ ಹಿಡಿಯನ್ನು ಎಳೆದು ನೋಡಿ, ಬಳೆ ಬಿಲ್ಲೆಗಳು ಕಳಚುವುವೋ ಎಂದು ತಿರುಗಿಸಿ ನೋಡಿ, ಒದ್ದೆ ಬಟ್ಟೆಯಿಂದ ಒರಸಿ ಬಣ್ಣ ಬಿಡುವುದೋ ಎಂದೂ ನೋಡಿ. ಅಂಗಡಿಯವರು ಬೇಸರಪಡುವುದಿಲ್ಲ.