ಕೂಡಿ ಬಾಳುವ ತತ್ತ್ವವೂ ಸಾಲದ ಲೆಕ್ಕವೂ: ಕೊಪ್ಪದ ಸೀಮೆಯಲ್ಲಿ ಒಂದು ಸಮಾಜಸಿದ್ಧಾಂತದ ಚರಿತ್ರೆ

ಸಮಾಜದ ಸ್ವರೂಪವನ್ನು ಕುರಿತ ಸಿದ್ಧಾಂತಗಳು ಪಂಡಿತರ ಗ್ರಂಥಗಳಿಗೆ ಸೇರಿದುವೆಂದೂ, ಊರೂರು ತಿರುಗಿ ಸಾಲ ಹಂಚುವ ಬ್ಯಾಂಕಿನ ಅಧಿಕಾರಿಗಾಗಲಿ ಸಹಕಾರ ಇಲಾಖೆಯ ಇನ್‌ಸ್ಪೆಕ್ಟರಿಗಾಗಲಿ ಅವುಗಳ ಗೊಡವೆ ಇಲ್ಲವೆಂದೂ ಸಾಮಾನ್ಯವಾಗಿ ಭಾವಿಸುವುದುಂಟು. ಸ್ವಲ್ಪ ವಿಚಾರಮಾಡಿದರೆ ಈ ಭಾವನೆ ನಿಲ್ಲಲಾರದು. ಯಾರನ್ನು ನಂಬಿ ಸಾಲ ಕೊಡಬಹುದು, ಯಾವ ಆಧಾರವನ್ನು ಕೇಳಬೇಕು, ತೀರಿಸಲಾರದವನನ್ನು ಹೇಗೆ ನಡೆಸಿಕೊಳ್ಳಬೇಕು ಎಂಬೀ ಪ್ರಶ್ನೆಗಳಿಗೆ ಕೊಡುವ ಉತ್ತರದಲ್ಲಿಯೇ, ಮನುಷ್ಯರು ಹೇಗೆ ಕೂಡಿ ಬಾಳುತ್ತಾರೆಂಬ ಒಂದು ಸಿದ್ಧಾಂತ ಅಡಗಿರುತ್ತದೆ. ಕಚೇರಿಯವರು ಅದನ್ನು ಬಾಯಿಬಿಟ್ಟು ಹೇಳದೆ ಇರಬಹುದು. ಅದರ ಫಲವನ್ನು ಹಳ್ಳಿಯವರು ಅನುಭವಿಸಲೇಬೇಕು. ಮೈಸೂರು ಜಿಲ್ಲೆಯ ಪಶ್ಚಿಮದಂಚಿನ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ೧೯೬೦ ರಿಂದೀಚೆಗೆ ನಡೆದ ಕೆಲಸದ ಚರಿತ್ರೆ ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ. ಸಿದ್ಧಾಂತವೊಂದು ಆಚರಣೆಗೆ ಬಂದಾಗ ಅದಕ್ಕೆ ಬಲ ಕೊಡುವುದು ಯಾವುದು, ಅದನ್ನು ನಿಸ್ಸಾರಮಾಡುವುದು ಯಾವುದು ಎಂಬುದನ್ನು ಈ ಚರಿತ್ರೆಯ ಮೂಲಕ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೧

ಪರಸ್ಪರ ಪರಿಚಯವೇ ಬಡವನ ಆಸ್ತಿ ಎಂಬ ತತ್ತ್ವ ನಮ್ಮ ಒಕ್ಕಲಿಗರಿಗೆ ಹೊಸದಲ್ಲ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನಾಟಿ, ಕಳೆ, ಕುಯ್ಲುಗಳ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿ ಬಹುಕಾಲದಿಂದ ನಡೆದು ಬಂದಿದೆ. ಇಂದು ಪಡೆದ ಆಳನ್ನು ನಾಳೆ ಹಿಂದಿರುಗಿಸಬೇಕು; ಇದಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಮದುವೆಯ ಮನೆಯಲ್ಲಿ ಸಲ್ಲಿಸುವ ಮುಯ್ಯಿಯೂ ಇದೇ ಲೆಕ್ಕದ್ದು. ತಪ್ಪಿಸಿದವನಿಗೆ ಮುಂದಿನ ಸಲ ಯಾರೂ ಬರುವುದಿಲ್ಲವೆಂಬುದೇ ಅದರ ಕಟ್ಟುಪಾಡು.

ಇದೇ ತತ್ತ್ವವನ್ನು ಹಣದ ವ್ಯವಹಾರಕ್ಕೆ ಅನ್ವಯಿಸಿ ಸಂಸ್ಥೆಯ ರೂಪ ಕೊಟ್ಟವರಲ್ಲಿ ಜರ್ಮನಿಯ ಫ್ರೀಡ್ರಿಚ್ ರೈಫೈಸನ್ (೧೮೧೮–೧೮೮೮) ಮುಖ್ಯನಾದವನು. ಆತನು ೧೮೬೪ ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬ ಊರಿನಲ್ಲಿ ಸ್ಥಾಪಿಸಿದ ಸಾಲದ ಸಂಘಕ್ಕೆ ಕ್ಷೇತ್ರ ಚಿಕ್ಕದು. ಸದಸ್ಯರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಸಂಘದ ಸಾಲಕ್ಕೆ ಪ್ರತಿಯೊಬ್ಬನೂ ಅಪರಿಮಿತ ಹೊಣೆಗಾರ. ಮದರಾಸು ಸರ್ಕಾರದ ಅಪ್ಪಣೆಯಂತೆ ಫ್ರೆಡರಿಕ್ ನಿಕಲ್ಸನ್ ೧೮೯೫ ಮತ್ತು ೧೮೯೭ ರಲ್ಲಿ ಒಪ್ಪಿಸಿದ ವರದಿಯ ಮೂಲಕ ಈ ಮಾದರಿ ದಕ್ಷಿಣ ಹಿಂದೂಸ್ಥಾನಕ್ಕೆ ಪರಿಚಿತವಾಯಿತು. ೧೯೦೪ ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಸಹಕಾರ ಸಾಲ ಸಂಘಗಳ ಕಾಯಿದೆಯೂ, ಮರುವರ್ಷ ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ನೂ ಜಾರಿಗೆ ಬಂದುವು. ಅದೇ ೧೯೦೫ ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸ್ಥಾಪಿಸಿದ ಸಂಘವು ದೇಶದ ಮೊತ್ತಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಗಿದೆ.

೨

ಅರ್ಧ ಶತಮಾನದ ಬಳಿಕ ಫಲವನ್ನು ಅಳೆದು ನೋಡಿದಾಗ ನಿರಾಶೆ ಕಾದಿತ್ತು. ಎ. ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ನಡೆದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿ ೧೯೫೪ ರಲ್ಲಿ ಪ್ರಕಟವಾಯಿತು. ೧೯೫೧–೫೨ ರಲ್ಲಿ ರೈತರು ಪಡೆದ ಒಟ್ಟು ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಸುಮಾರು ೩ ಮಾತ್ರವೆಂದೂ, ಲೇವಾದೇವಿಗಾರರ ಪಾಲು ನೂರಕ್ಕೆ ೭೦ ರ ಸಮೀಪವೆಂದೂ ಅದರಿಂದ ತಿಳಿದುಬಂದಿತು. ಸಮಿತಿಯು ಕಂಡ ಪರಿಹಾರವೆಂದರೆ ಸಂಘಗಳನ್ನು ದೊಡ್ಡವು ಮಾಡುವುದು, ಹೊಣೆಯನ್ನು ಪರಿಮಿತಗೊಳಿಸುವುದು, ಸರ್ಕಾರವೇ ಷೇರುದಾರನಾಗಿ ಸೇರುವುದು. ಲೆಕ್ಕಪತ್ರದ ದೃಷ್ಟಿಯಿಂದ ಇದರಲ್ಲಿ ವಿವೇಕವಿತ್ತು. ಬಂಡವಾಳವಿಲ್ಲದ ಸಣ್ಣ ಸಂಘಕ್ಕೆ ಗುಮಾಸ್ತನನ್ನು ಇಟ್ಟುಕೊಳ್ಳುವ ಶಕ್ತಿಯೂ ಇರಲಿಲ್ಲ. ಆದರೆ ಸಂಘ ದೊಡ್ಡದಾದಂತೆಲ್ಲ ಪರಸ್ಪರ ಪರಿಚಯವೆಂಬ ಮೂಲ ಆಧಾರವೇ ಸಡಿಲವಾಗುವುದೆಂಬುದು ಆಗ ಹೆಚ್ಚಾಗಿ ಲಕ್ಷ್ಯಕ್ಕೆ ಬರಲಿಲ್ಲ.

ದೊಡ್ಡ ಸಂಘದೊಳಗೆ ಏನು ನಡೆಯುವುದೆಂಬುದನ್ನು ಅರಿಯಲು ಬೇಕಾದ ಸಿದ್ಧಾಂತ ಮೈಸೂರು ಸೀಮೆಯ ಮಣ್ಣಿನಲ್ಲಿಯೇ ಸಿದ್ಧವಾಗುತ್ತಿತ್ತು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು ೧೯೪೮ ರಲ್ಲಿ ಮೈಸೂರಿಗೆ ಹೊರತಲ್ಲದ ಒಂದು ಹಳ್ಳಿಯಲ್ಲಿ ನೆಲಸಿ, ಅದಕ್ಕೆ ರಾಂಪುರವೆಂಬ ಹೆಸರಿಟ್ಟು, ಅಲ್ಲಿಯ ಬಾಳನ್ನು ಅಭ್ಯಸಿಸಿದರು; ೧೯೫೨ ರಲ್ಲಿ, ಕೊಪ್ಪದಿಂದ ಹೊಳೆಯಾಚೆಗಿನ ಕೊಡಗಿನವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ರಾಂಪುರದ ಅನುಭವದಿಂದ ಅವರು ರೂಪಿಸಿದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ೧೯೫೯ ರ ಲೇಖನದಲ್ಲಿ ವಿಶದವಾಗಿ ನಿರೂಪಿತವಾಗಿದೆ. ಸಂಖ್ಯಾಬಲ, ಭೂಮಿಯ ಒಡೆತನ, ಹೊಸ ವಿದ್ಯೆ, ಕಚೇರಿಗಳ ಸಂಪರ್ಕ ಇವು ಒಂದೇ ಕಡೆ ಕೂಡಿದಾಗ ಆ ಜನರ ಮುಖಂಡರ ಮಾತೇ ಊರಿನ ಮಾತಾಗುವುದೆಂಬುದು ಅದರ ಸಾರ. ಇಂತಹ ಊರಿನಲ್ಲಿ ಎಲ್ಲರಿಗೂ ಸಮನಾದ ಓಟಿರುವ ಸಂಘವನ್ನು ಸ್ಥಾಪಿಸಿದ ಮಾತ್ರಕ್ಕೆ ಕೂಲಿಗಾರನ ಮಾತಿಗೂ ಪಟೇಲನ ಮಾತಿಗೂ ಒಂದೇ ತೂಕ ಬರುವುದಿಲ್ಲ. ಪಂಚಾಯಿತರು ಯಾರೆಂಬುದು ಸಭೆ ಸೇರುವ ಮುನ್ನವೇ ನಿಶ್ಚಯವಾಗಿರುತ್ತದೆ.

೩

ಈ ಎರಡು ಮಾತುಗಳನ್ನು, ಎಂದರೆ ಪರಿಚಯದ ಬಲವನ್ನೂ ಪ್ರಾಬಲ್ಯದ ಭಾರವನ್ನೂ ನೆನಪಿನಲ್ಲಿಟ್ಟುಕೊಂಡು ಕೊಪ್ಪಕ್ಕೆ ಬರೋಣ. ಕೊಪ್ಪವು ಪಿರಿಯಾಪಟ್ಟಣ ತಾಲ್ಲೂಕಿನ ಗಡಿಯ ಊರು. ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕಾವೇರಿಯ ಈಚೆ ದಡದಲ್ಲಿದೆ. ಸೇತುವೆ ದಾಟಿದರೆ ಕುಶಾಲನಗರ, ಕೊಡಗು. ಇದರ ನೆರೆಯ ಬೈಲಕುಪ್ಪೆಯ ಕಾಡುಭೂಮಿಯಲ್ಲಿ ಸುಮಾರು ೩,೦೦೦ ಎಕರೆಯನ್ನು ಮೈಸೂರು ಸರ್ಕಾರವು ಟಿಬೆಟ್ಟಿನ ನಿರಾಶ್ರಿತರಿಗಾಗಿ ಬಿಟ್ಟುಕೊಟ್ಟಿತು. ೧೯೬೦ ರ ಕೊನೆಯಿಂದ ಅವರು ಬಂದು ನೆಲಸತೊಡಗಿದರು. ಕಾಡು ಕಡಿದು, ಆನೆಗಳ ಕಾಟವನ್ನು ತಡೆದು, ಕಂಡರಿಯದ ಸೆಕೆಯಲ್ಲಿ ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ೧೯೬೯ ರಲ್ಲಿ ಅಲ್ಲಿಯೇ ಎರಡನೆಯ ನೆಲೆಯೂ, ೧೯೭೨ ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ಮತ್ತೊಂದೂ ಏರ್ಪಟ್ಟುವು.

ಈ ವಸತಿಯ ಹಿಂದೆ ಒಂದು ಸ್ಪಷ್ಟವಾದ ಸಾಮಾಜಿಕ ನಿಲುವಿತ್ತು. ನಿರಾಶ್ರಿತರನ್ನು ಕೂಲಿಗಾರರನ್ನಾಗಿ ಊರೂರಿಗೆ ಚದುರಿಸಲಿಲ್ಲ. ಸುತ್ತಲಿನವರು ಇಂದಿಗೂ ‘ಕ್ಯಾಂಪು’ ಎಂದು ಕರೆಯುವ ಗ್ರಾಮಗಳಲ್ಲಿ ಒಟ್ಟಾಗಿ ಇರಿಸಿದರು. ಅವರ ಮಠಗಳು, ಶಾಲೆಗಳು, ಮುಖಂಡತ್ವ ಉಳಿದುಕೊಂಡುವು; ಉಳುವ ಯಂತ್ರ, ದಾಸ್ತಾನು, ಮಾರಾಟಗಳನ್ನು ನೋಡಿಕೊಳ್ಳಲು ಸಹಕಾರ ಸಂಘವಿತ್ತು. ಈ ಸಂಘ ಬಾಳಿದ್ದಕ್ಕೆ ಕಾರಣವನ್ನು ಬೈಲಾದಲ್ಲಿ ಹುಡುಕಬೇಕಾಗಿಲ್ಲ. ದೇಶವನ್ನು ಕಳೆದುಕೊಂಡು ಬಂದವರಲ್ಲಿ ಒಬ್ಬರನ್ನೊಬ್ಬರು ಬಿಟ್ಟರೆ ಗತಿಯಿಲ್ಲವೆಂಬ ಭಾವನೆ ಮೊದಲೇ ಇತ್ತು. ಭೂಮಿಯ ಹಂಚಿಕೆಯಲ್ಲಿ ಹೆಚ್ಚಿನ ತಾರತಮ್ಯವೂ ಇರಲಿಲ್ಲ.

ಈ ಪುನರ್ವಸತಿಯ ಕಾರ್ಯಕ್ಕಾಗಿ ೧೯೬೮ ರಲ್ಲಿ ಹುಟ್ಟಿದ ಸಂಸ್ಥೆಯೇ ಮೈರಾಡ. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆಯೆಂಬ ಅರ್ಥದ ಇಂಗ್ಲಿಷು ಹೆಸರಿನ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಅದರ ಸ್ಥಾಪಕರಲ್ಲಿ ವಿಲಿಯಂ ಡೇವಿನ್‌ಸನ್ ಪ್ರಮುಖರು. ಸುಮಾರು ೧೫,೦೦೦ ಟಿಬೆಟನ್ನರಿಗೆ ನೆಲೆ ಕಲ್ಪಿಸುವ ಕಾರ್ಯದಲ್ಲಿ ಅದು ತೊಡಗಿತ್ತು. ೧೯೭೦ ರ ದಶಕದ ಕೊನೆಯ ಹೊತ್ತಿಗೆ ಈ ಕೆಲಸ ಮುಗಿಯುತ್ತ ಬರಲು, ಸಂಸ್ಥೆಯು ನೆರೆಹೊರೆಯ ನಾಡಿನ ಬಡವರ ಕಡೆಗೆ ತಿರುಗಿತು. ಹೆಗ್ಗಡದೇವನಕೋಟೆಯ ತಾಲ್ಲೂಕು ಅದರ ಮುಖ್ಯ ಕ್ಷೇತ್ರಗಳಲ್ಲೊಂದಾಯಿತು. ಕಬಿನಿಯ ಅಣೆಕಟ್ಟಿನಲ್ಲಿ ಊರು ಮುಳುಗಿದವರೂ, ಕಾಡಿನಿಂದ ಹೊರಬಿದ್ದ ಜೇನುಕುರುಬರೂ, ಮಳೆಯನ್ನೇ ನೆಚ್ಚಿದ ಸಣ್ಣ ಒಕ್ಕಲುಗಳೂ ಇರುವ ಸೀಮೆ ಅದು.

೪

ಟಿಬೆಟನ್ನರ ನಡುವೆ ಫಲಿಸಿದ ಸಹಕಾರ ಸಂಘವನ್ನು ಇಲ್ಲಿಯೂ ನೆಡಬಹುದೆಂದು ತೋರುವುದು ಸಹಜ. ಅಲೋಷಿಯಸ್ ಫರ್ನಾಂಡಿಸರು ಮುಖ್ಯಸ್ಥರಾಗಿದ್ದ ಕಾಲದಲ್ಲಿ ಮೈರಾಡದವರು ತಮ್ಮ ಕ್ಷೇತ್ರಗಳಲ್ಲಿ ಸಹಕಾರ ಸಂಘಗಳಿಗೆ ಬೆಂಬಲ ಕೊಟ್ಟರು. ಆದರೆ ಹಲವು ಜಾತಿ, ಹಲವು ಅಂತಸ್ತುಗಳ ಜನ ಸೇರಿದ ದೊಡ್ಡ ಸಂಘಗಳು ಕೆಲವರ ವಶವಾಗಿ, ೧೯೮೪–೮೫ ರ ಸುಮಾರಿನಲ್ಲಿ ಒಡೆದುವು. ಆಗ ನಡೆದ ಸಂಗತಿಯನ್ನು ಆ ಸಂಸ್ಥೆಯವರೇ ಬರೆದಿಟ್ಟಿದ್ದಾರೆ. ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಬಂದು, ಪಡೆದ ಸಾಲವನ್ನು ಸಂಸ್ಥೆಗೆ ತೀರಿಸಲು ಸಿದ್ಧರಿದ್ದೇವೆ, ಸಹಕಾರ ಸಂಘಕ್ಕೆ ಮಾತ್ರ ಕೊಡಲಾರೆವು ಎಂದರು. ಹಾಗಾದರೆ ನಿಮ್ಮ ನಿಮ್ಮ ಗುಂಪಿಗೇ ಏಕೆ ತೀರಿಸಬಾರದೆಂದು ಸಂಸ್ಥೆಯವರು ಕೇಳಿದರು. ಈ ಪ್ರಶ್ನೆಯಿಂದ ‘ಸಾಲ ನಿರ್ವಹಣಾ ಗುಂಪು’ಗಳು ಹುಟ್ಟಿದುವು, ಸ್ವಸಹಾಯ ಸಂಘವೆಂಬ ಹೆಸರು ಅವುಗಳಿಗೆ ಬಂದುದು ತರುವಾಯ.

ಇಲ್ಲಿ ಗಮನಿಸತಕ್ಕುದೇನೆಂದರೆ, ಸಂಘವನ್ನು ಒಡೆದ ಜನರು ಸಾಲವನ್ನು ನಿರಾಕರಿಸಲಿಲ್ಲ. ಒಬ್ಬರನ್ನೊಬ್ಬರು ಮೊದಲೇ ನಂಬಿದ್ದ ಸಣ್ಣ ಗುಂಪುಗಳು ಆ ದೊಡ್ಡ ಸಂಘದ ಒಳಗೇ ಇದ್ದುವು. ಸಂಘವು ಒಡೆದಾಗ ಅವು ಕಣ್ಣಿಗೆ ಬಿದ್ದುವು. ಕಾರ್ಯಕರ್ತರು ಈ ಬಾಂಧವ್ಯಕ್ಕೆ ಇಂಗ್ಲಿಷಿನಲ್ಲಿ ‘ಅಫಿನಿಟಿ’ ಎಂಬ ಹೆಸರು ಕೊಟ್ಟರು. ಕನ್ನಡದಲ್ಲಿ ಒಡನಾಟದ ನಂಬಿಕೆ ಎನ್ನಬಹುದು. ಒಂದೇ ಕೇರಿಯ ವಾಸ, ಒಂದೇ ಕಸುಬು, ಒಂದೇ ಬಗೆಯ ಕಷ್ಟ ಅದಕ್ಕೆ ಕಾರಣವಾಗಬಹುದು. ಅಧಿಕಾರಿಯು ಅದನ್ನು ಗುರುತಿಸಬಹುದೇ ಹೊರತು ಸೃಷ್ಟಿಸಲಾರನು.

ಗುಂಪಿಗೆ ೧೫ ರಿಂದ ೨೦ ಜನ. ಇಪ್ಪತ್ತನ್ನು ಮೀರಿದ ಕೂಟ ಹಣದ ವ್ಯವಹಾರ ನಡೆಸಬೇಕಾದರೆ ಕಾನೂನಿನಂತೆ ನೋಂದಾಯಿಸಬೇಕಾಗಿದ್ದುದೂ ಈ ಮಿತಿಗೆ ಅನುಕೂಲವಾಯಿತು. ವಾರವಾರದ ಸಭೆ, ಉಳಿತಾಯ, ತಡವಾಗಿ ಬಂದವರಿಗೆ ದಂಡ, ನಡವಳಿಯ ಪುಸ್ತಕ, ಬಡ್ಡಿಯ ದರ ಇವೆಲ್ಲವನ್ನೂ ಸದಸ್ಯರೇ ಗೊತ್ತುಮಾಡಿಕೊಂಡರು. ಕರು ಕೊಳ್ಳುವುದಕ್ಕೂ, ಆಷಾಢದಲ್ಲಿ ರಾಗಿ ತರುವುದಕ್ಕೂ, ಮಗುವಿನ ಜ್ವರಕ್ಕೂ ಸಾಲವುಂಟು. ಆ ದಿನಗಳಲ್ಲಿ ಸರ್ಕಾರದ ಸಮಗ್ರ ಗ್ರಾಮೀಣಾಭಿವೃದ್ಧಿ ಯೋಜನೆಯು ಒಂದೊಂದು ಕುಟುಂಬವನ್ನೂ ಬಿಡಿಯಾಗಿ ಆರಿಸಿ, ಇಂಥದೇ ವಸ್ತುವಿಗೆಂದು ಸಾಲವನ್ನೂ ಸಹಾಯಧನವನ್ನೂ ಕೊಡುತ್ತಿತ್ತು. ಎರಡು ಕಾರ್ಯಕ್ರಮಗಳ ಹಿಂದಿನ ಸಿದ್ಧಾಂತಗಳು ಬೇರೆಬೇರೆಯೆಂಬುದು ಇದರಿಂದಲೇ ಸ್ಪಷ್ಟವಾಗುವುದು: ಒಂದರಲ್ಲಿ ಬಡತನವೆಂದರೆ ವಸ್ತುವಿನ ಅಭಾವ; ಇನ್ನೊಂದರಲ್ಲಿ, ತನ್ನ ಹಣದ ಮೇಲೆ ತಾನೇ ತೀರ್ಮಾನಿಸುವ ಅಧಿಕಾರದ ಅಭಾವ.

೧೯೮೭ ರಲ್ಲಿ ನಬಾರ್ಡ್ ಬ್ಯಾಂಕು ಈ ಪ್ರಯೋಗಕ್ಕಾಗಿ ಮೈರಾಡಕ್ಕೆ ೧೦ ಲಕ್ಷ ರೂಪಾಯಿಗಳ ನೆರವನ್ನು ಮಂಜೂರುಮಾಡಿತು. ೧೯೯೧ ರಲ್ಲಿ ರಿಜರ್ವ್ ಬ್ಯಾಂಕು ಗುಂಪುಗಳೊಡನೆ ವ್ಯವಹರಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು. ೧೯೯೨ ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಾಯೋಗಿಕ ಯೋಜನೆಗೆ ನಬಾರ್ಡ್ ಕೈಹಾಕಿತು. ನೋಂದಾಯಿಸದ ಗುಂಪಿಗೆ, ಅಡಮಾನವಿಲ್ಲದೆ, ಯಾವ ಸದಸ್ಯನಿಗೆ ಯಾವ ಕಾರಣಕ್ಕೆಂದು ಕೇಳದೆ ಬ್ಯಾಂಕು ಸಾಲ ಕೊಡಬಹುದೆಂಬುದು ಅದರ ತಿರುಳು. ಅಡಮಾನದ ಪತ್ರವನ್ನು ಪರೀಕ್ಷಿಸುವುದನ್ನೇ ವಿದ್ಯೆಯಾಗಿ ಕಲಿತ ಬ್ಯಾಂಕಿನ ಅಧಿಕಾರಿಯು ಇನ್ನು ಮುಂದೆ ಗುಂಪಿನ ಸಭೆಗೆ ಬಂದು ಕುಳಿತು, ನಡವಳಿಯ ಪುಸ್ತಕವನ್ನು ಓದಿ ನಂಬಿಕೆಯನ್ನು ಅಳೆಯಬೇಕಾಯಿತು. ವೃತ್ತಿಯ ಅಭ್ಯಾಸವೊಂದನ್ನು ಸಮಾಜಸಿದ್ಧಾಂತವು ಬದಲಾಯಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಕರ್ಣಾಟಕದಲ್ಲಿ ವಿರಳ.

೫

ಮುಂದಿನ ಬೆಳವಣಿಗೆ ತ್ವರಿತವಾಗಿ ನಡೆಯಿತು. ೧೯೯೯ ರಲ್ಲಿ ಕೇಂದ್ರದ ಸ್ವರ್ಣಜಯಂತಿ ಗ್ರಾಮ ಸ್ವರೋಜಗಾರ್ ಯೋಜನೆಯೂ, ೨೦೦೦–೦೧ ರಲ್ಲಿ ಕರ್ಣಾಟಕದ ಸ್ತ್ರೀಶಕ್ತಿ ಯೋಜನೆಯೂ, ೨೦೧೧ ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನವೂ ಗುಂಪನ್ನೇ ಮೂಲ ಘಟಕವಾಗಿ ಸ್ವೀಕರಿಸಿದುವು. ಲಕ್ಷಾಂತರ ಹೆಂಗಸರು ಬ್ಯಾಂಕಿನ ಮೆಟ್ಟಿಲು ಹತ್ತಿದುದು ಇದರ ಫಲವೆಂಬುದು ನಿಸ್ಸಂದೇಹ. ಆದರೆ ಇಷ್ಟು ಗುಂಪುಗಳನ್ನು ಇಷ್ಟು ತಿಂಗಳಲ್ಲಿ ಎಂಬ ಗುರಿ ಬಂದ ಕಡೆಗಳಲ್ಲಿ, ಮೊದಲು ನಂಬಿಕೆ ಆಮೇಲೆ ಗುಂಪು ಎಂಬ ಕ್ರಮ ತಲೆಕೆಳಗಾಗುವ ಅಪಾಯವೂ ಜೊತೆಗೇ ಬಂದಿತು.

ಇನ್ನೂ ದೊಡ್ಡ ಅಪಾಯ ಬೇರೊಂದು ದಿಕ್ಕಿನಿಂದ ಬಂದಿತು. ಕಿರುಸಾಲದ ಕಂಪನಿಗಳು ಐದಾರು ಹೆಂಗಸರನ್ನು ಸೇರಿಸಿ, ಒಬ್ಬರ ಸಾಲಕ್ಕೆ ಉಳಿದವರನ್ನು ಹೊಣೆಮಾಡುವ ಪದ್ಧತಿಯನ್ನು ಹಳ್ಳಿಗಳಲ್ಲಿ ಹರಡಿದುವು. ಮೇಲ್ನೋಟಕ್ಕೆ ಇದು ರೈಫೈಸನ್ನನ ತತ್ತ್ವವೇ. ಆದರೆ ಹಣ ಗುಂಪಿನದಲ್ಲ. ಬಡ್ಡಿಯನ್ನು ಗೊತ್ತುಮಾಡುವವರು ಅವರಲ್ಲ. ಮಳೆ ಕೈಕೊಟ್ಟ ವರ್ಷ, ಹೊಗೆಸೊಪ್ಪಿನ ಹರಾಜಿನಲ್ಲಿ ಬೆಲೆ ಬಿದ್ದ ವರ್ಷ, ನೆರೆಯವಳಿಗೆ ಒಂದು ತಿಂಗಳ ವಾಯಿದೆ ಕೊಡುವ ಅಧಿಕಾರವೂ ಅವರಿಗಿಲ್ಲ. ಉಳಿದದ್ದು ಹೊಣೆಯೊಂದೇ. ವಸೂಲಿಯ ಕಿರುಕುಳಕ್ಕೆ ಅಂಜಿ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ೨೦೨೫ ರ ಮೊದಲಲ್ಲಿ ಹಳೆಯ ಮೈಸೂರಿನ ಜಿಲ್ಲೆಗಳಿಂದ ಬಂದಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ಹೀಗೆ ಒಂದೇ ಒಡನಾಟವು ಒಂದು ಕಡೆ ಆಸರೆಯಾಗಿಯೂ ಇನ್ನೊಂದು ಕಡೆ ಉರುಳಾಗಿಯೂ ಪರಿಣಮಿಸಿದೆ.

ಒಡನಾಟದ ಸಿದ್ಧಾಂತಕ್ಕೆ ಅದರದೇ ಆದ ಕೊರತೆಯೂ ಇದೆಯೆಂಬುದನ್ನು ಮರೆಯಬಾರದು. ಸದಸ್ಯರು ತಾವೇ ಒಬ್ಬರನ್ನೊಬ್ಬರು ಆರಿಸಿಕೊಳ್ಳುವಾಗ ಗುಂಪು ಕೇರಿಯ ಎಲ್ಲೆಯನ್ನೂ ಜಾತಿಯ ಎಲ್ಲೆಯನ್ನೂ ದಾಟದೆ ಇರಬಹುದು. ವಾರದ ಉಳಿತಾಯಕ್ಕೂ ಗತಿಯಿಲ್ಲದವಳನ್ನು, ಕೂಲಿಗಾಗಿ ಕೊಡಗಿನ ತೋಟಗಳಿಗೆ ಹೋಗಿ ತಿಂಗಳುಗಟ್ಟಲೆ ಹಿಂದಿರುಗದವಳನ್ನು ಯಾರೂ ಸೇರಿಸಿಕೊಳ್ಳದೆ ಹೋಗಬಹುದು. ಭೂಮಿ, ನೀರು, ಅರಣ್ಯದ ಹಕ್ಕು ಇವುಗಳ ಪ್ರಶ್ನೆಯನ್ನು ಇಪ್ಪತ್ತು ಜನರ ಉಳಿತಾಯದ ಪೆಟ್ಟಿಗೆ ಬಗೆಹರಿಸಲಾರದು. ಪ್ರಬಲರಿಂದ ತಪ್ಪಿಸಿಕೊಳ್ಳಲು ಬಡವರಿಗೆ ಸಣ್ಣ ಗುಂಪು ನೆರವಾಯಿತೇ ಹೊರತು, ಪ್ರಾಬಲ್ಯವು ಅದರಿಂದ ಅಳಿಯಲಿಲ್ಲ.

ಈ ಚರಿತ್ರೆಯಿಂದ ತಿಳಿಯುವುದಿಷ್ಟು. ಸಮಾಜಸಿದ್ಧಾಂತವನ್ನು ಕೆಲಸಕ್ಕೆ ತರುವವರು ಅದರ ರೂಪವನ್ನು ಮಾತ್ರ ತಂದರೆ ಸಾಲದು. ಅದು ನಿಂತಿರುವ ನಿಬಂಧನೆಗಳನ್ನೂ ತರಬೇಕು. ಇಲ್ಲಿ ಆ ನಿಬಂಧನೆಗಳು ಮೂರು: ಸಂಖ್ಯೆ ಸಣ್ಣದಾಗಿರಬೇಕು, ಜೊತೆಗಾರರನ್ನು ತಾವೇ ಆರಿಸಿಕೊಂಡಿರಬೇಕು, ನಿಯಮವನ್ನು ಮಾಡುವ ಅಧಿಕಾರವೂ, ಕಷ್ಟಕಾಲದಲ್ಲಿ ಅದನ್ನು ಸಡಿಲಿಸುವ ಅಧಿಕಾರವೂ ಅವರಲ್ಲಿಯೇ ಇರಬೇಕು. ಮೊದಲನೆಯದನ್ನು ಬಿಟ್ಟಾಗ ದೊಡ್ಡ ಸಂಘಗಳು ಒಡೆದುವು. ಎರಡನೆಯದನ್ನು ಬಿಟ್ಟರೆ ಗುಂಪು ಕಾಗದದ ಮೇಲೆ ಮಾತ್ರ ಉಳಿಯುವುದು. ಮೂರನೆಯದನ್ನು ಕಿತ್ತುಕೊಂಡಾಗ ನೆರೆಯವರೇ ಸಾಲಗಾರನ ಕಾವಲುಗಾರರಾದರು. ಸಾಲದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಯು ಗುಂಪಿನ ಉಳಿತಾಯ ಎಷ್ಟೆಂದು ಕೇಳುವುದರ ಜೊತೆಗೆ, ಕಳೆದ ವರ್ಷ ನೀವು ಯಾರಿಗೆ ವಾಯಿದೆ ಕೊಟ್ಟಿರಿ, ಏಕೆ ಕೊಟ್ಟಿರಿ ಎಂದೂ ಕೇಳುವುದು ಒಳ್ಳೆಯದು. ಆ ಪ್ರಶ್ನೆಗೆ ಉತ್ತರ ಹೇಳಬಲ್ಲ ಗುಂಪಿನಲ್ಲಿ ಸಿದ್ಧಾಂತವು ಇನ್ನೂ ಜೀವಂತವಾಗಿದೆಯೆಂದು ತಿಳಿಯಬಹುದು.