ಚಂಡೀಗಢದ ಕುರ್ಚಿ: ಗುಜರಿ ರಾಶಿಯಿಂದ ಹರಾಜು ಕಟ್ಟೆಗೆ

ಕಟ್ಟಡವನ್ನು ಯಾರೂ ಮನೆಗೆ ಕೊಂಡೊಯ್ಯಲಾರರು. ಆದರೆ ಆ ಕಟ್ಟಡಕ್ಕೆಂದೇ ಅದರ ವಾಸ್ತುಶಿಲ್ಪಿ ರೂಪಿಸಿದ ಕುರ್ಚಿ, ಮೇಜು, ದೀಪ, ಬಣ್ಣದ ಗಾಜಿನ ಕಿಟಕಿ, ಕಡೆಗೆ ಚರಂಡಿಯ ಮುಚ್ಚಳವನ್ನೂ ಕೊಳ್ಳುವವರು ಜಗತ್ತಿನಾದ್ಯಂತ ಇದ್ದಾರೆ. ಪ್ರಸಿದ್ಧ ವಾಸ್ತುಶಿಲ್ಪಿಗಳ ಹೆಸರಿನೊಂದಿಗೆ ತಳಕು ಹಾಕಿಕೊಂಡ ಇಂತಹ ವಸ್ತುಗಳ ಸಂಗ್ರಹ ಇಂದು ಹವ್ಯಾಸವಾಗಿಯಷ್ಟೇ ಉಳಿದಿಲ್ಲ. ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜು ಸಂಸ್ಥೆಗಳಿಗೆ ಅದೊಂದು ದೊಡ್ಡ ವಹಿವಾಟು. ಈ ವಹಿವಾಟಿನಲ್ಲಿ ಭಾರತದ ಹೆಸರು ಕೇಳಿಬರುವುದು ಬಹುಪಾಲು ಚಂಡೀಗಢದ ಪೀಠೋಪಕರಣಗಳ ಕಾರಣದಿಂದ. ವಸ್ತುವೊಂದು ಅಸಲಿ ಎಂಬುದು ಹೇಗೆ ನಿರ್ಧಾರವಾಗುತ್ತದೆ, ಅಸಲಿ ಎಂದ ಮಾತ್ರಕ್ಕೆ ಅದನ್ನು ಕೊಳ್ಳುವುದು ಸರಿಯೇ ಎಂಬ ಎರಡೂ ಪ್ರಶ್ನೆಗಳನ್ನು ಈ ನಗರದ ಕುರ್ಚಿ ಒಟ್ಟಿಗೇ ಮುಂದಿಡುತ್ತದೆ.

ನಗರದೊಂದಿಗೆ ಹುಟ್ಟಿದ ಪೀಠೋಪಕರಣ

ದೇಶ ವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನದ ಪಾಲಾದಾಗ ಭಾರತದ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಯಿತು. ಅದರ ಮೊದಲ ನಕ್ಷೆಯ ಕೆಲಸದಲ್ಲಿ ಅಮೆರಿಕದ ಆಲ್ಬರ್ಟ್ ಮೇಯರ್ ಹಾಗೂ ಪೋಲೆಂಡ್ ಮೂಲದ ಮ್ಯಾಥ್ಯೂ ನೊವಿಕಿ ತೊಡಗಿದ್ದರು. 1950ರಲ್ಲಿ ನೊವಿಕಿ ವಿಮಾನ ಅಪಘಾತದಲ್ಲಿ ಮೃತಪಟ್ಟ ಬಳಿಕ ಹೊಣೆಯು ಫ್ರಾನ್ಸ್‌ನಲ್ಲಿ ನೆಲೆಸಿದ್ದ ಲೆ ಕಾರ್ಬುಸಿಯೆ ಅವರ ಹೆಗಲೇರಿತು. ಅವರ ಸೋದರ ಸಂಬಂಧಿ ಪಿಯರ್ ಜೆನೆರೆ ಮತ್ತು ಬ್ರಿಟನ್ನಿನ ದಂಪತಿ ಮ್ಯಾಕ್ಸ್‌ವೆಲ್ ಫ್ರೈ ಹಾಗೂ ಜೇನ್ ಡ್ರೂ ಜತೆಗೂಡಿದರು. 1951ರಲ್ಲಿ ಕೆಲಸ ಆರಂಭವಾಯಿತು.

ಲೆ ಕಾರ್ಬುಸಿಯೆ ಆಗಾಗ ಬಂದು ಹೋಗುತ್ತಿದ್ದರೆ, ಜೆನೆರೆ ಚಂಡೀಗಢದಲ್ಲಿಯೇ ನೆಲೆ ನಿಂತು 1965ರವರೆಗೆ ದುಡಿದರು. 1967ರಲ್ಲಿ ಜಿನೀವಾದಲ್ಲಿ ನಿಧನರಾದ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಚಂಡೀಗಢದ ಸುಖನಾ ಕೆರೆಯಲ್ಲಿ ವಿಸರ್ಜಿಸಲಾಯಿತು.

ಸಚಿವಾಲಯ, ಹೈಕೋರ್ಟ್, ವಿಧಾನಸಭೆ, ಪಂಜಾಬ್ ವಿಶ್ವವಿದ್ಯಾಲಯ, ಕಾಲೇಜುಗಳು, ಗ್ರಂಥಾಲಯ, ಸರ್ಕಾರಿ ವಸತಿಗೃಹಗಳು ಒಂದರ ಹಿಂದೊಂದರಂತೆ ಎದ್ದು ನಿಂತಾಗ ಅವುಗಳೊಳಗೆ ಕೂರಲು, ಬರೆಯಲು, ಕಡತವಿಡಲು ಸಾವಿರಾರು ವಸ್ತುಗಳ ಅಗತ್ಯ ಬಿತ್ತು. ಜೆನೆರೆ ಮತ್ತು ಅವರ ತಂಡ ಸ್ಥಳೀಯವಾಗಿ ದೊರೆಯುವ ಸಾಮಗ್ರಿ ಹಾಗೂ ಕಸುಬನ್ನೇ ನೆಚ್ಚಿಕೊಂಡಿತು. ತೇವಕ್ಕೂ ಹುಳುವಿಗೂ ಜಗ್ಗದ ತೇಗದ ಮರ, ಸೆಕೆಯಲ್ಲಿ ಗಾಳಿಯಾಡುವ ಬೆತ್ತದ ಹೆಣಿಗೆ, ಎರಡು ಕವಲಾಗಿ ಓರೆಯಾಗಿ ನಿಂತ ಕಾಲುಗಳು ಈ ಕುರ್ಚಿಗಳ ಗುರುತಾದವು. ಹಲವು ಬಡಗಿ ಕಾರ್ಖಾನೆಗಳಲ್ಲಿ ಇವು ತಯಾರಾದ ಕಾರಣ ಒಂದೇ ವಿನ್ಯಾಸದ ಎರಡು ಕುರ್ಚಿಗಳ ಅಳತೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಕಾಣುವುದು ಸಹಜ.

ಮಾರುಕಟ್ಟೆಯಲ್ಲಿ ಇವೆಲ್ಲವನ್ನೂ ‘ಕಾರ್ಬುಸಿಯೆ ಕುರ್ಚಿ’ ಎಂದು ಕರೆಯುವುದುಂಟು. ವಾಸ್ತವದಲ್ಲಿ ಇವುಗಳಲ್ಲಿ ಬಹುಪಾಲು ಜೆನೆರೆ ಅವರದು. ತಂಡದಲ್ಲಿದ್ದ ಭಾರತೀಯ ವಾಸ್ತುಶಿಲ್ಪಿ ಯೂಲಿ ಚೌಧರಿ ಅವರ ಪಾಲೂ ಇದರಲ್ಲಿದೆ. ಮರ ಕಡಿದು, ಬೆತ್ತ ಹೆಣೆದವರ ಹೆಸರುಗಳಂತೂ ಯಾವ ಹರಾಜು ಪಟ್ಟಿಯಲ್ಲಿಯೂ ಬರುವುದಿಲ್ಲ.

ಗುಜರಿಯಾದ ಬಗೆ

ಮೂರು-ನಾಲ್ಕು ದಶಕಗಳ ಬಳಕೆಯಲ್ಲಿ ಬೆತ್ತ ಹರಿಯಿತು, ಕೀಲುಗಳು ಸಡಿಲಗೊಂಡವು. ಕಚೇರಿಗಳಿಗೆ ಉಕ್ಕಿನ ಹಾಗೂ ಪ್ಲಾಸ್ಟಿಕ್ಕಿನ ಆಸನಗಳು ಬಂದವು. ಹಳೆಯವು ಮಾಳಿಗೆ, ಮೊಗಸಾಲೆ, ಉಗ್ರಾಣಗಳಲ್ಲಿ ರಾಶಿ ಬಿದ್ದು, ಇಲಾಖೆಗಳ ನಿಯಮದಂತೆ ಅನುಪಯುಕ್ತ ಸಾಮಗ್ರಿ ಎಂದು ಅತ್ಯಲ್ಪ ಬೆಲೆಗೆ ಹರಾಜಾದವು. ಅವುಗಳ ಮೌಲ್ಯವನ್ನು ಮೊದಲು ಅರಿತವರು ಪ್ಯಾರಿಸ್ಸಿನ ಕೆಲವು ಕಲಾವಸ್ತು ವ್ಯಾಪಾರಿಗಳು. 1990ರ ದಶಕದ ಕೊನೆಯ ವೇಳೆಗೆ ಚಂಡೀಗಢಕ್ಕೆ ಬರತೊಡಗಿದ ಅವರು ರಾಶಿ ರಾಶಿಯಾಗಿ ಕೊಂಡು, ಹಡಗಿನಲ್ಲಿ ಸಾಗಿಸಿ, ಮರಕ್ಕೆ ಮೆರುಗು ಕೊಟ್ಟು, ಬೆತ್ತ ಹೊಸದಾಗಿ ಹೆಣೆಸಿ ಪ್ರದರ್ಶನಕ್ಕಿಟ್ಟರು. ಗುಮಾಸ್ತರು ಕುಳಿತೆದ್ದ ಕುರ್ಚಿ ಲಕ್ಷಾಂತರ ರೂಪಾಯಿ ಬಾಳುವ ಕಲಾಕೃತಿಯಾಯಿತು. ನಗರದ ನಕ್ಷೆಯನ್ನೇ ಮೈಮೇಲೆ ಮೂಡಿಸಿಕೊಂಡ ಬೀಡು ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳಗಳೂ ಹರಾಜು ಕಟ್ಟೆ ಏರಿದವು.

ಈ ಪಯಣವನ್ನು ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರ ‘ಪ್ರಾವಿನೆನ್ಸ್’ ಚಿತ್ರದಲ್ಲಿ ಹಿಮ್ಮುಖವಾಗಿ ದಾಖಲಿಸಿದ್ದಾರೆ. ಶ್ರೀಮಂತರ ಮನೆಗಳಿಂದ ಆರಂಭವಾಗುವ ಚಿತ್ರ ಹರಾಜು, ದುರಸ್ತಿ, ಬಂದರುಗಳನ್ನು ದಾಟಿ ಚಂಡೀಗಢದ ಕಚೇರಿಗಳನ್ನು ತಲುಪುತ್ತದೆ. ಅದೇ ವರ್ಷ ಆ ಚಿತ್ರವೂ ಲಂಡನ್ನಿನ ಕ್ರಿಸ್ಟೀಸ್ ಸಂಸ್ಥೆಯಲ್ಲಿ ಹರಾಜಾದದ್ದು ಗಮನಾರ್ಹ.

ಕಾನೂನು ಎಲ್ಲಿ ನಿಲ್ಲುತ್ತದೆ

ವಿದೇಶಗಳಲ್ಲಿನ ಹರಾಜುಗಳನ್ನು ತಡೆಯಲು ಭಾರತ ಮಾಡಿದ ಯತ್ನಗಳು ಫಲ ಕೊಡದೇ ಹೋದುದಕ್ಕೆ ಮುಖ್ಯ ಕಾರಣ ಸರಳವಾದುದು: ಬಹಳಷ್ಟು ವಸ್ತುಗಳನ್ನು ಸರ್ಕಾರಿ ಇಲಾಖೆಗಳೇ ಬಹಿರಂಗ ಹರಾಜಿನಲ್ಲಿ ಮಾರಿ ರಸೀದಿ ಕೊಟ್ಟಿದ್ದವು.

ಪುರಾತನ ವಸ್ತುಗಳು ಹಾಗೂ ಕಲಾನಿಧಿಗಳ 1972ರ ಕಾಯ್ದೆಯೂ ಇಲ್ಲಿ ನೆರವಿಗೆ ಬಾರದು. ಆ ಕಾಯ್ದೆಯಂತೆ ವಸ್ತುವೊಂದು ಪುರಾತನ ಎನಿಸಲು ಕನಿಷ್ಠ 100 ವರ್ಷ ಹಳೆಯದಾಗಿರಬೇಕು. ಹಸ್ತಪ್ರತಿ, ದಾಖಲೆಗಳಿಗಾದರೆ 75 ವರ್ಷ. ಚಂಡೀಗಢದ ಅತ್ಯಂತ ಹಳೆಯ ಕುರ್ಚಿಗೆ ನೂರು ತುಂಬುವುದು 2050ರ ದಶಕದಲ್ಲಿ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ‘ಕಲಾನಿಧಿ’ ಎಂದು ಘೋಷಿಸುವ ಮಾರ್ಗ ಮಾತ್ರ ಕಾಯ್ದೆಯಲ್ಲಿ ತೆರೆದಿದೆ.

2011ರ ಫೆಬ್ರವರಿ 22ರಂದು ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ಪೀಠೋಪಕರಣಗಳ ಮಾರಾಟ, ಹರಾಜುಗಳನ್ನು ನಿಷೇಧಿಸಿ ಆದೇಶ ಹೊರಡಿಸಿತು. ನಗರದ ಪಾರಂಪರಿಕ ವಸ್ತುಗಳ ಗಣತಿ ನಡೆದು 12,793 ವಸ್ತುಗಳನ್ನು ಗುರುತಿಸಲಾಯಿತು. 2016ರಲ್ಲಿ ಲೆ ಕಾರ್ಬುಸಿಯೆ ಅವರ 7 ದೇಶಗಳ 17 ನಿರ್ಮಾಣಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣವೂ ಅದರಲ್ಲಿತ್ತು. ಆದರೆ ಆದೇಶಕ್ಕೆ ಮೊದಲೇ ದೇಶ ಬಿಟ್ಟ ವಸ್ತುಗಳನ್ನು ಆ ಆದೇಶ ಮರಳಿ ತರಲಾರದು. ಹೊರದೇಶದ ಹರಾಜು ಸಂಸ್ಥೆಗಳಿಗೂ ಅದು ಅನ್ವಯಿಸದು.

ಅಸಲಿಯ ಪರೀಕ್ಷೆ

ಬೆಲೆ ಏರಿದಂತೆ ನಕಲಿಗಳೂ ಹೆಚ್ಚಿದವು. ಇಂತಹ ವಸ್ತು ಕೊಳ್ಳಬಯಸುವವರು ಗಮನಿಸಬೇಕಾದ ಅಂಶಗಳು ಹೀಗಿವೆ.

ಮೊದಲನೆಯದು ವಸ್ತುವಿನ ಮೈ. ದಶಕಗಳ ಬಳಕೆಯ ಸವಕಳಿ ಕೈ ಊರುವ, ಕಾಲು ತಾಗುವ ಜಾಗಗಳಲ್ಲಿ ಹೆಚ್ಚಾಗಿಯೂ ಉಳಿದೆಡೆ ಕಡಿಮೆಯಾಗಿಯೂ ಇರುತ್ತದೆ. ಎಲ್ಲೆಡೆ ಒಂದೇ ಸಮನಾಗಿ ‘ಹಳತಾದ’ ಮರ ಅನುಮಾನಕ್ಕೆ ಎಡೆಮಾಡಬೇಕು. ಬೆತ್ತ ಹೊಸದಾಗಿದ್ದರೆ ಅದೊಂದರಿಂದಲೇ ಕುರ್ಚಿ ನಕಲಿ ಎನ್ನಲಾಗದು, ಏಕೆಂದರೆ ಬೆತ್ತವನ್ನು ಕಾಲಕಾಲಕ್ಕೆ ಬದಲಿಸುವುದು ವಾಡಿಕೆ. ಆದರೆ ಕಾಲು, ಕೈ, ಚೌಕಟ್ಟುಗಳಲ್ಲಿ ಎಷ್ಟು ಭಾಗ ಮೂಲದ್ದು, ಎಷ್ಟು ಭಾಗ ದುರಸ್ತಿಯಲ್ಲಿ ಸೇರಿದ್ದು ಎಂಬುದನ್ನು ಮಾರುವವರು ಬರಹದಲ್ಲಿ ತಿಳಿಸಬೇಕು.

ಎರಡನೆಯದು ದಾಸ್ತಾನು ಸಂಖ್ಯೆ. ಕುರ್ಚಿಯ ಬೆನ್ನಿನ ಹಿಂಬದಿಯಲ್ಲೋ ಮೇಜಿನ ಅಂಚಿನಲ್ಲೋ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರಿನ ಅಕ್ಷರಗಳು ಮತ್ತು ಅಂಕಿಗಳು ಇರುತ್ತವೆ. ‘ಇದು ಸರ್ಕಾರದ ಸ್ವತ್ತು’ ಎಂದು ಸಾರಲು ಬರೆದ ಈ ಗುರುತೇ ಇಂದು ಅಸಲಿತನದ ಮುದ್ರೆಯಾಗಿ ಬೆಲೆ ಏರಿಸುತ್ತದೆ. ಆದರೆ ಬಣ್ಣ ಮತ್ತು ಕುಂಚ ಯಾರಿಗೂ ದೊರೆಯುವಂಥವು. ಸಂಖ್ಯೆಯನ್ನೇ ನಂಬಿ ಹಣ ಕೊಡುವುದು ಅಪಾಯಕರ.

ಮೂರನೆಯದು ಕಾಗದಪತ್ರ. ವಸ್ತು ಯಾವ ಕಟ್ಟಡದಲ್ಲಿತ್ತು, ಯಾವ ಇಲಾಖೆ ಯಾವ ದಿನ ಮಾರಿತು, ಅಲ್ಲಿಂದ ಮುಂದೆ ಯಾರ ಯಾರ ಕೈ ದಾಟಿತು ಎಂಬ ಸರಪಳಿ ಎಲ್ಲಿಯೂ ಕಡಿದಿರಬಾರದು. ಇಲ್ಲಿಯೂ ಒಂದು ತೊಡಕಿದೆ. ಗುಜರಿ ಹರಾಜಿನ ರಸೀದಿಯಲ್ಲಿ ‘ಮುರಿದ ಕುರ್ಚಿಗಳು, ಇಂತಿಷ್ಟು’ ಎಂದಷ್ಟೇ ಬರೆದಿದ್ದರೆ ಅದು ಯಾವ ನಿರ್ದಿಷ್ಟ ಕುರ್ಚಿಯನ್ನೂ ಗುರುತಿಸುವುದಿಲ್ಲ. ಅಂತಹ ಒಂದೇ ಹಾಳೆಯನ್ನು ಅಸಲಿಗೂ ನಕಲಿಗೂ ಕದ್ದ ಮಾಲಿಗೂ ತೋರಿಸಬಹುದು. ಸಂಖ್ಯೆ, ಛಾಯಾಚಿತ್ರ, ರಸೀದಿ ಮೂರೂ ಒಂದಕ್ಕೊಂದು ತಾಳೆಯಾದಾಗ ಮಾತ್ರ ದಾಖಲೆ ದಾಖಲೆಯೆನಿಸುತ್ತದೆ.

ನಾಲ್ಕನೆಯದು ದಿನಾಂಕ. 2011ರ ಆದೇಶದ ನಂತರ ಚಂಡೀಗಢದ ಸರ್ಕಾರಿ ಕಟ್ಟಡದಿಂದ ಹೊರಬಂದ ವಸ್ತು ಎಷ್ಟೇ ಅಸಲಿಯಾಗಿದ್ದರೂ ಅದನ್ನು ಕೊಳ್ಳುವವರು ಕಳವಿನ ಮಾಲಿಗೆ ಕೈ ಹಾಕಿದಂತಾದೀತು.

ಹೋಲಿಸಿ ನೋಡಲು ಅಧಿಕೃತ ಸಂಗ್ರಹಗಳಿವೆ. ಲೆ ಕಾರ್ಬುಸಿಯೆ ಅವರ ರೇಖಾಚಿತ್ರ, ಪತ್ರಗಳು ಪ್ಯಾರಿಸ್ಸಿನ ಲೆ ಕಾರ್ಬುಸಿಯೆ ಪ್ರತಿಷ್ಠಾನದಲ್ಲಿವೆ. ಜೆನೆರೆ ಅವರ ಕಾಗದಪತ್ರಗಳನ್ನು ಮಾಂಟ್ರಿಯಲ್‌ನ ಕೆನಡಾ ವಾಸ್ತುಶಿಲ್ಪ ಕೇಂದ್ರ ಕಾಯ್ದಿಟ್ಟಿದೆ. ಚಂಡೀಗಢದಲ್ಲಿಯೇ 19ನೇ ಸೆಕ್ಟರ್‌ನ ಹಳೆಯ ವಾಸ್ತುಶಿಲ್ಪ ಕಚೇರಿ ಲೆ ಕಾರ್ಬುಸಿಯೆ ಕೇಂದ್ರವಾಗಿದೆ. 5ನೇ ಸೆಕ್ಟರ್‌ನಲ್ಲಿ ಜೆನೆರೆ ವಾಸವಿದ್ದ ಮನೆ 2017ರಿಂದ ವಸ್ತುಸಂಗ್ರಹಾಲಯವಾಗಿದೆ.

ಮರುತಯಾರಿಕೆ ನಕಲಿಯಲ್ಲ

ಹಳೆಯ ವಸ್ತುವೇ ಬೇಕೆಂಬ ಹಟವಿಲ್ಲದವರಿಗೆ ಬೇರೊಂದು ದಾರಿಯಿದೆ. ಲೆ ಕಾರ್ಬುಸಿಯೆ, ಜೆನೆರೆ ಹಾಗೂ ಷಾರ್ಲಟ್ ಪೆರಿಯಾಂ 1920ರ ದಶಕದ ಕೊನೆಯಲ್ಲಿ ರೂಪಿಸಿದ ಉಕ್ಕಿನ ಕೊಳವೆಯ ಆಸನಗಳನ್ನು ಇಟಲಿಯ ಕ್ಯಾಸಿನಾ ಕಂಪನಿ 1964ರಿಂದ ಪರವಾನಗಿ ಪಡೆದು ತಯಾರಿಸುತ್ತಿದೆ. ಅಧಿಕೃತ ತಯಾರಿಕೆಯ ಮೇಲೆ ಸಹಿ ಹಾಗೂ ಕ್ರಮಸಂಖ್ಯೆ ಇರುತ್ತವೆ. ಚಂಡೀಗಢ ಮಾದರಿಯ ಕುರ್ಚಿಗಳನ್ನು ಕೈಕಸುಬಿನಿಂದ ಮರುತಯಾರಿಸುವುದಕ್ಕೆ ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಹೆಸರಾಗಿದೆ. ತನ್ನನ್ನು ಯಾರು, ಯಾವಾಗ ತಯಾರಿಸಿದರೆಂದು ಬಹಿರಂಗವಾಗಿ ಹೇಳಿಕೊಳ್ಳುವ ವಸ್ತು ನಕಲಿಯಲ್ಲ. ಹೊಸದನ್ನು ಹಳೆಯದೆಂದು ಮಾರಿದಾಗ ಮಾತ್ರ ವಂಚನೆ ಆರಂಭವಾಗುತ್ತದೆ.

ಇತರೆಡೆಯೂ ಇದೇ ತಗಾದೆ

ಕಟ್ಟಡದಿಂದ ವಸ್ತುವನ್ನು ಬೇರ್ಪಡಿಸುವ ಸಮಸ್ಯೆ ಭಾರತಕ್ಕಷ್ಟೇ ಸೀಮಿತವಲ್ಲ. ಅಮೆರಿಕದ ಫ್ರಾಂಕ್ ಲಾಯ್ಡ್ ರೈಟ್ ತಾವು ಕಟ್ಟಿದ ಮನೆಗಳಿಗೆ ದೀಪ, ಕುರ್ಚಿ, ಕಿಟಕಿ ಗಾಜುಗಳನ್ನೂ ವಿನ್ಯಾಸಗೊಳಿಸುತ್ತಿದ್ದರು. ಅವು ಒಂದೊಂದಾಗಿ ಕಳಚಿ ಮಾರಾಟವಾದಂತೆ ಮನೆಗಳು ಬರಿದಾದವು. ಒಕ್ಲಹೋಮಾ ರಾಜ್ಯದ ಬಾರ್ಟಲ್ಸ್‌ವಿಲ್‌ನಲ್ಲಿ 1956ರಲ್ಲಿ ಪೂರ್ಣಗೊಂಡ ಅವರ ಪ್ರೈಸ್ ಟವರ್‌ನ ಕೆಲವು ವಸ್ತುಗಳನ್ನು ಅಂದಿನ ಮಾಲೀಕರು 2024ರಲ್ಲಿ ಮಾರಿದಾಗ, ರೈಟ್ ಕಟ್ಟಡಗಳ ಸಂರಕ್ಷಣೆಗೆ ಶ್ರಮಿಸುವ ಸಂಸ್ಥೆ ಬಲವಾಗಿ ಆಕ್ಷೇಪಿಸಿತು. ಕಟ್ಟಡದ ಜತೆಗೆ ಅದರೊಳಗಿನ ವಸ್ತುಗಳಿಗೂ ರಕ್ಷಣೆ ನೀಡುವ ಒಪ್ಪಂದ ಮೊದಲೇ ಆಗಿತ್ತೆಂಬುದು ಅದರ ವಾದ. ಒಳಾಂಗಣವೂ ಕಟ್ಟಡದ ಅಂಗವೆಂದು ಮುಂಚಿತವಾಗಿಯೇ ಬರೆದಿಡುವ ಇಂತಹ ಒಪ್ಪಂದ ಚಂಡೀಗಢದಲ್ಲಿ ಮೊದಲಿಗೆ ಇರಲಿಲ್ಲ.

ಉಳಿದವರಿಗೆ ಪಾಠ

ಕರ್ನಾಟಕದಲ್ಲಿಯೂ ಇಪ್ಪತ್ತನೇ ಶತಮಾನದ ಹೆಸರಾಂತ ವಾಸ್ತುಶಿಲ್ಪಿಗಳ ಕಟ್ಟಡಗಳಿವೆ. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಜರ್ಮನಿಯ ಒಟ್ಟೊ ಕೊನಿಗ್ಸ್‌ಬರ್ಗರ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದರು. ಪ್ಯಾರಿಸ್ಸಿನಲ್ಲಿ ಲೆ ಕಾರ್ಬುಸಿಯೆ ಅವರ ಕೈಕೆಳಗೆ ದುಡಿದಿದ್ದ ಬಾಲಕೃಷ್ಣ ದೋಶಿ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣವನ್ನು ವಿನ್ಯಾಸಗೊಳಿಸಿದರು. ಇಂತಹ ಯಾವುದೇ ಕಟ್ಟಡದ ಹಳೆಯ ಬಾಗಿಲು, ಬೆಂಚು, ದೀಪಗಳು ಗುಜರಿ ಪಟ್ಟಿಗೆ ಸೇರುವ ಮುನ್ನ ಅವನ್ನು ಯಾರು, ಯಾವಾಗ, ಯಾವ ಕೊಠಡಿಗೆಂದು ಮಾಡಿಸಿದರೆಂದು ಒಮ್ಮೆ ಕಡತ ತೆರೆದು ನೋಡುವುದು ಹೆಚ್ಚಿನ ಖರ್ಚಿನ ಕೆಲಸವಲ್ಲ. ಛಾಯಾಚಿತ್ರ ಸಹಿತವಾದ ದಾಸ್ತಾನು ಪುಸ್ತಕವೊಂದು ಕಾಯ್ದೆಗಿಂತ ಬೇಗ ನೆರವಿಗೆ ಬರುತ್ತದೆ.

ಸಂಗ್ರಾಹಕರ ಹೊಣೆಯೂ ಕಡಿಮೆಯಲ್ಲ. ವಸ್ತುವಿನ ಮೂಲವನ್ನು ಬೆಲೆ ಕಟ್ಟುವುದಕ್ಕಾಗಿ ಮಾತ್ರ ವಿಚಾರಿಸಿದರೆ ಸಾಲದು. ಅದು ತನ್ನ ಜಾಗ ಬಿಟ್ಟು ಬಂದದ್ದು ಹೇಗೆ ಎಂಬುದನ್ನೂ ವಿಚಾರಿಸಬೇಕು. ಚಂಡೀಗಢದ ಕಚೇರಿ, ಕಾಲೇಜುಗಳಲ್ಲಿ ಉಳಿದಿರುವ ಕುರ್ಚಿಗಳ ಭವಿಷ್ಯ ಆದೇಶದಷ್ಟೇ ಈ ವಿಚಾರಣೆಯನ್ನೂ ಅವಲಂಬಿಸಿದೆ.