ಕ್ರೀಡಾಪಟುಗಳಿಗೆ ಅಂಗಮರ್ದನ: ಪ್ರಯೋಜನ, ಮಿತಿ ಮತ್ತು ಎಚ್ಚರಿಕೆ

ಸಾಮು ಮುಗಿದ ಮೇಲೆ ಪೈಲವಾನರು ಒಬ್ಬರ ಮೈಯನ್ನೊಬ್ಬರು ತಿಕ್ಕುವುದು ನಮ್ಮ ಭಾಗದ ತಾಲೀಮುಗಳ ಹಳೆಯ ರೂಢಿ. ದಂಡ, ಬೈಠಕುಗಳಷ್ಟೇ ಮಾಲೀಶೂ ಮುಖ್ಯವೆಂದು ವಸ್ತಾದರು ಕಲಿಸುತ್ತ ಬಂದಿದ್ದಾರೆ. ಸೊಲ್ಲಾಪುರ ಸೀಮೆಯನ್ನೂ ಆಳಿದ ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ವ್ಯಾಯಾಮ, ಆಹಾರಗಳಿಗಾಗಿಯೇ ‘ಮಲ್ಲವಿನೋದ’ ಎಂಬ ಭಾಗವನ್ನು ಮೀಸಲಿಟ್ಟನು. ದೇಹ ಸಾಧನೆಯ ತಿಳಿವು ಈ ನೆಲಕ್ಕೆ ಹೊಸದಲ್ಲ.

ಇಂದು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳ ಮಕ್ಕಳು ಕಬಡ್ಡಿ, ಖೋ-ಖೋ, ಕುಸ್ತಿ, ಓಟಗಳಲ್ಲಿ ತೊಡಗಿದ್ದಾರೆ. ಆದುದರಿಂದ ಅಂಗಮರ್ದನದಿಂದ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಪಾಲಕರು ಅರಿತಿರುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ಪ್ರಯೋಜನಗಳು

ಹೆಚ್ಚಿನ ಶ್ರಮದ ಬಳಿಕ ಸ್ನಾಯುಗಳಲ್ಲಿ ಕಾಣುವ ನೋವು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗಿರುತ್ತದೆ. ಅಂಗಮರ್ದನವು ಈ ನೋವನ್ನು ತುಸು ತಗ್ಗಿಸುತ್ತದೆ. ಕೈಕಾಲುಗಳ ಬಾಗುವಿಕೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. 29 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಪರಿಶೀಲನೆಯೊಂದು ಈ ಎರಡು ಲಾಭಗಳನ್ನು ದೃಢಪಡಿಸಿದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ 11 ತರುಣರ ಮೇಲೆ ನಡೆಸಿದ ಪ್ರಯೋಗದಲ್ಲಿ, ವ್ಯಾಯಾಮದ ನಂತರ 10 ನಿಮಿಷ ತಿಕ್ಕಿಸಿಕೊಂಡ ಕಾಲಿನ ಸ್ನಾಯುವಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಾಗಿದ್ದವು. ಇದರೊಡನೆ ಮನಸ್ಸಿಗೆ ನೆಮ್ಮದಿಯೂ ವಿಶ್ರಾಂತಿಯೂ ಲಭಿಸುತ್ತವೆ.

ಮಿತಿಗಳು

ಮಾಲೀಶಿನಿಂದ ಬಲ ಬರುತ್ತದೆ, ಓಟದ ವೇಗ ಹೆಚ್ಚುತ್ತದೆ ಎಂಬ ನಂಬಿಕೆಗೆ ಮೇಲಿನ ಪರಿಶೀಲನೆಯಲ್ಲಿ ಆಧಾರ ದೊರೆತಿಲ್ಲ. ‘ಸ್ನಾಯುವಿನಲ್ಲಿ ನಿಂತ ಆಮ್ಲ ಹೊರಹೋಗುತ್ತದೆ’ ಎಂಬುದೂ ಸರಿಯಲ್ಲ. ಶ್ರಮದಿಂದ ಉಂಟಾದ ಲ್ಯಾಕ್ಟಿಕ್ ಆಮ್ಲವನ್ನು ದೇಹವು ಸುಮಾರು ಒಂದು ಗಂಟೆಯೊಳಗೆ ತಾನೇ ಬಳಸಿಕೊಳ್ಳುತ್ತದೆ. ಬಲವು ಬರುವುದು ಸಾಧನೆ, ಊಟ, ನಿದ್ರೆಗಳಿಂದಲೇ.

ಮಾಡುವ ಕ್ರಮ

ಕುಸುಬಿ, ಎಳ್ಳು ಅಥವಾ ಕೊಬ್ಬರಿ ಎಣ್ಣೆ ಸಾಕು. ದುಬಾರಿ ಮುಲಾಮು ಬೇಕಿಲ್ಲ. ಮೊದಲು ಅಂಗೈಯಿಂದ ಹಗುರವಾಗಿ, ಪಾದದಿಂದ ತೊಡೆಯ ಕಡೆಗೆ, ಅಂಗೈಯಿಂದ ಭುಜದ ಕಡೆಗೆ ನೀವಬೇಕು. ಬಳಿಕ ಮೀನಖಂಡ, ತೊಡೆ, ಭುಜಗಳ ಮಾಂಸಖಂಡಗಳನ್ನು ಹಿಟ್ಟು ನಾದಿದಂತೆ ಮೆಲ್ಲಗೆ ನಾದಬೇಕು. ಎಲುಬು, ಕೀಲು, ಬೆನ್ನುಹುರಿಯ ಮೇಲೆ ಒತ್ತಡ ಹಾಕಬಾರದು. ಒಟ್ಟು 10ರಿಂದ 15 ನಿಮಿಷ ಸಾಕು. ಮಗು ‘ನೋಯುತ್ತದೆ’ ಎಂದೊಡನೆ ಕೈ ತೆಗೆಯಬೇಕು.

ತಿಕ್ಕಬಾರದ ಸಂದರ್ಭಗಳು

ಆಟದಲ್ಲಿ ಹಿಮ್ಮಡಿ ಉಳುಕಿದ ಮಗುವನ್ನು ಮನೆಗೆ ಕರೆದೊಯ್ದು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಪ್ರೀತಿಯಿಂದಲೇ ಮಾಡುವ ಈ ಕೆಲಸದಿಂದ ಒಳಗಿನ ರಕ್ತಸ್ರಾವವೂ ಬಾವೂ ಹೆಚ್ಚುತ್ತವೆ. ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಮೃದುವಾಗಿರುವುದರಿಂದ, ಉಳುಕೆಂದು ತೋರಿದ್ದು ಮುರಿತವೂ ಆಗಿರಬಹುದು. ಮೊದಲ ಎರಡು ದಿನ ಪೆಟ್ಟಾದ ಭಾಗವನ್ನು ತಿಕ್ಕಬಾರದು, ಕಾವು ಕೊಡಬಾರದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಬೇಕು. ಕಾಲೂರಲು ಆಗದಿದ್ದರೆ, ಆಕಾರ ಬದಲಾಗಿದ್ದರೆ, ಬಾವು ಇಳಿಯದಿದ್ದರೆ ವೈದ್ಯರಲ್ಲಿಗೆ ಹೋಗಲೇಬೇಕು. ಜ್ವರ, ತೆರೆದ ಗಾಯ, ಗಜಕರ್ಣದಂತಹ ಚರ್ಮರೋಗ ಇದ್ದಾಗಲೂ ಮಾಲೀಶು ಸಲ್ಲದು.

ಆಸ್ಪತ್ರೆಯಲ್ಲಿ ಮಾತು ಬಹುತೇಕ ಮರಾಠಿಯಲ್ಲಿ ನಡೆಯುತ್ತದೆ. ಉಳುಕುವುದಕ್ಕೆ ‘ಮುರಗಳಣೆ’, ಬಾವಿಗೆ ‘ಸೂಜ’ ಎನ್ನುತ್ತಾರೆಂಬುದನ್ನು ಮಕ್ಕಳಿಗೆ ಕಲಿಸಿರಿ. ನೋವನ್ನು ಎರಡು ಭಾಷೆಗಳಲ್ಲಿ ಹೇಳಬಲ್ಲ ಮಗು ಸುಮ್ಮನೆ ನರಳುವುದಿಲ್ಲ.

ಮಗುವಿನ ಸುರಕ್ಷತೆ

ತನ್ನ ಕಾಲನ್ನು ತಾನೇ ನೀವಿಕೊಳ್ಳುವುದನ್ನು ಮಗುವಿಗೆ ಕಲಿಸುವುದೇ ಉತ್ತಮ ಮಾರ್ಗ. ಬೇರೆಯವರು ಮಾಡುವುದಾದರೆ ಮಗುವಿನ ಒಪ್ಪಿಗೆಯೂ ಪಾಲಕರ ಅರಿವೂ ಇರಬೇಕು; ಮುಚ್ಚಿದ ಕೋಣೆಯಲ್ಲಿ ನಡೆಯಬಾರದು, ಇನ್ನೊಬ್ಬ ಹಿರಿಯರು ಜೊತೆಗಿರಬೇಕು. ವಿದ್ಯಾರ್ಥಿನಿಯರಿಗೆ ಮಹಿಳೆಯರೇ ಮಾಡಬೇಕು. ‘ಬೇಡ’ ಎನ್ನುವ ಹಕ್ಕು ಮಗುವಿಗಿದೆ. ವಸ್ತಾದರಾಗಲಿ ಶಿಕ್ಷಕರಾಗಲಿ ಇದಕ್ಕೆ ಹೊರತಲ್ಲ. ಅನುಚಿತ ಸ್ಪರ್ಶವು 2012ರ ಪೋಕ್ಸೋ ಕಾಯ್ದೆಯಡಿ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098.

ಶಾಲೆಯ ಕ್ರೀಡಾಕೂಟಕ್ಕೆ ಮಕ್ಕಳನ್ನು ಕಳುಹಿಸುವಾಗ ಎಣ್ಣೆಯ ಸೀಸೆಯೊಡನೆ ಈ ತಿಳಿವಳಿಕೆಯನ್ನೂ ಕಟ್ಟಿಕೊಡಿರೆಂದು ಪಾಲಕರಲ್ಲಿ ನಮ್ಮ ವಿನಂತಿ.